ಒಳಬಂದ ನೀರಿಗೆ ಹೊರದಾರಿ

ಮಾಡನ್ನು ಮಡಿಚಿ ಬೆನ್ನ ಹಿಂದಕ್ಕೆ ಸೇರಿಸಬಹುದಾದ ಕಾರಿನೊಳಗೆ ಮಳೆಗಾಲದಲ್ಲಿ ನೀರು ಕಾಣಿಸಿಕೊಂಡಿತೆಂದರೆ, ಅದರ ಒಡೆಯನೂ ಅವನು ಸಲಹೆ ಕೇಳಹೋದ ಮೆಕ್ಯಾನಿಕನೂ ಏಕಕಂಠದಿಂದ ದೋಷ ಹೊರಿಸುವುದು ಮಾಡಿನ ಅಂಚನ್ನು ಸುತ್ತಿಕೊಂಡಿರುವ ರಬ್ಬರ್ ಪಟ್ಟಿಯ ಮೇಲೆ. ‘ಬೀಡಿಂಗ್ ಹೋಗಿದೆ’ ಎಂಬ ತೀರ್ಪು ಹೊರಬಿದ್ದ ಬಳಿಕ ಮುಂದಿನ ವಿಧಿಗಳೆಲ್ಲ ಪೂರ್ವನಿಶ್ಚಿತ: ಹೊಸ ಪಟ್ಟಿಗೆ ವಿದೇಶಕ್ಕೆ ಬೇಡಿಕೆ ಕಳುಹಿಸುವುದು, ಅದು ಬಂದು ತಲಪುವ ತನಕ ಅನುಮಾನ ಹುಟ್ಟಿಸಿದ ಸಂದುಗಳಿಗೆಲ್ಲ ಸಿಲಿಕೋನ್ ಸೀಲೆಂಟನ್ನು ಮೆತ್ತುವುದು, ಪಟ್ಟಿ ಬದಲಾದ ಮೇಲೂ ನೀರು ನಿಲ್ಲದಿದ್ದರೆ ಆ ಕಾರಿನ ಕುಲವನ್ನೇ ಹಳಿಯುವುದು. ಈ ತೀರ್ಪು ಎಷ್ಟೋ ಸಂದರ್ಭಗಳಲ್ಲಿ ಅನ್ಯಾಯದ ತೀರ್ಪೆಂಬುದೂ, ತೆರೆಯುವ ಮಾಡಿನ ವಾಹನದಲ್ಲಿ ನೀರನ್ನು ತಡೆಯುವುದಕ್ಕಿಂತ ಬಂದ ನೀರನ್ನು ಕಳುಹಿಸಿಕೊಡುವುದೇ ಹಿರಿದಾದ ಕೆಲಸವೆಂಬುದೂ, ಆ ಕೆಲಸವನ್ನು ಒಡೆಯರೂ ಗ್ಯಾರೇಜುಗಳೂ ತಯಾರಕರೂ ಸರಿಸಮನಾಗಿ ಅಲಕ್ಷಿಸಿದ್ದಾರೆಂಬುದೂ ನನ್ನ ಅಭಿಪ್ರಾಯ.

ಸಿರಿವಂತರ ವಿನೋದದ ವಾಹನವೊಂದರ ಕ್ಲೇಶವು ಸಾಮಾನ್ಯ ಓದುಗನಿಗೇಕೆ ಎಂದು ಕೇಳುವವರುಂಟು. ನಮ್ಮ ರಸ್ತೆಗಳಲ್ಲಿ ಜರ್ಮನಿಯ ತೆರೆದ ಕಾರುಗಳು ವಿರಳವೆಂಬುದು ನಿಜ. ಗೋವೆಯಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಎಂಬ ಪುಟ್ಟ ತೆರೆಮಾಡಿನ ಕಾರನ್ನು ಇಂದು ನೆನೆಯುವವರೂ ವಿರಳ. ಆದರೆ ಕೊಡಗಿನ ಹಾಗೂ ಮಲೆನಾಡಿನ ತೋಟಗಳಲ್ಲಿ ಕ್ಯಾನ್ವಾಸ್ ಹೊದಿಕೆಯ ಜೀಪು ಹಲವು ತಲೆಮಾರುಗಳಿಂದ ನಡೆದಿದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಬಟ್ಟೆಯ ಮಾಡನ್ನು ಕಾಣದವರು ಕಡಿಮೆ. 2010ರಲ್ಲಿ ಹೊರಬಂದ ಮಹೀಂದ್ರಾ ಥಾರ್ 2020ರ ಅಕ್ಟೋಬರಿನಲ್ಲಿ ಹೊಸ ರೂಪ ತಾಳಿದಾಗಲೂ ಮಡಿಚುವ ಮಾಡನ್ನು ಬಿಟ್ಟುಕೊಡಲಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ಆಕಾಶ ಕಾಣುವ ಕಿಂಡಿಯಿಲ್ಲದೆ ಹೊಸ ಕಾರನ್ನೇ ಕೊಳ್ಳಲೊಲ್ಲದ ಕಾಲವಿದು. ಆ ಸನ್‌ರೂಫು ಸಹ ತತ್ತ್ವತಃ ಚಿಕ್ಕದೊಂದು ತೆರೆಮಾಡೇ ಆಗಿದ್ದು, ಅದು ಸೋರುವ ಕ್ರಮವೂ ಸೋರದಂತೆ ಕಾಪಾಡುವ ಕ್ರಮವೂ ಇಲ್ಲಿ ಹೇಳಹೊರಟಿರುವುದಕ್ಕಿಂತ ಬೇರೆಯಲ್ಲ.

ಮೊದಲು ತಿಳಿಯತಕ್ಕದ್ದು ಇದು: ಕಾರಿನ ಯಾವ ರಬ್ಬರ್ ಪಟ್ಟಿಯನ್ನೂ ಅದನ್ನು ರೂಪಿಸಿದ ಶಿಲ್ಪಿಯು ಪರಿಪೂರ್ಣ ತಡೆಗೋಡೆಯೆಂದು ಭಾವಿಸಿಲ್ಲ. ಅತಿ ಸಾಧಾರಣವಾದ ಕಾರಿನ ಬಾಗಿಲನ್ನೇ ತೆಗೆದುಕೊಳ್ಳಿ. ಗಾಜು ಇಳಿಯುವ ಸೀಳಿನ ಹೊರಗಡೆ ಒಂದು ರಬ್ಬರಿನ ತುಟಿ ಇರುತ್ತದಾದರೂ, ಮಳೆಯ ನೀರು ಗಾಜಿನ ಗುಂಟ ಅದನ್ನು ದಾಟಿ ಬಾಗಿಲಿನ ಗರ್ಭಕ್ಕೆ ಇಳಿದೇ ಇಳಿಯುತ್ತದೆ. ಇಳಿಯಲೆಂದೇ ಬಾಗಿಲಿನ ತಳದಲ್ಲಿ ರಂಧ್ರಗಳನ್ನು ಕೊರೆದಿರುತ್ತಾರೆ, ಒಳಮೈಗೆ ತೇವ ತಾಗದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ಸನ್‌ರೂಫಿನ ಗಾಜಿನ ಸುತ್ತಲೂ ಅಂತೆಯೇ ಒಂದು ಕಾಲುವೆ ಓಡುತ್ತದೆ. ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಕಾರಿನ ಕಂಬಗಳೊಳಗೆ ಇಳಿದು ನೀರನ್ನು ನೆಲಕ್ಕೆ ಬಿಡುತ್ತವೆ. ರಬ್ಬರಿನ ಕಾರ್ಯವು ಬರುವ ನೀರಿನ ರಭಸವನ್ನು ಮುರಿದು, ಅದರ ಪರಿಮಾಣವನ್ನು ಕುಗ್ಗಿಸಿ, ಉಳಿದುದನ್ನು ಕಾಲುವೆಯ ವಶಕ್ಕೊಪ್ಪಿಸುವುದು ಮಾತ್ರ. ಏರಿಯನ್ನು ಎಷ್ಟೇ ಗಟ್ಟಿಯಾಗಿ ಕಟ್ಟಲಿ, ಕೋಡಿಯಿಲ್ಲದ ಕೆರೆ ಒಡೆಯದೆ ಇರದೆಂಬುದನ್ನು ಬಲ್ಲ ನಮ್ಮ ಜನಕ್ಕೆ ಈ ನ್ಯಾಯವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ನೀರಿನ ಮೊತ್ತವನ್ನು ಲೆಕ್ಕ ಹಾಕಿದರೆ ಮಾತು ಇನ್ನಷ್ಟು ಸ್ಪಷ್ಟವಾದೀತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರು; ಎರಡು ಚದರ ಮೀಟರಿನ ಮಾಡಿನ ಮೇಲೆ 50 ಮಿ.ಮೀ. ಮಳೆ ಸುರಿದರೆ ನೂರು ಲೀಟರು. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಕಡೆಯಲ್ಲಂತೂ ಅಂಥ ಮಳೆ ಆಷಾಢದ ಒಂದು ಹೊತ್ತಿನ ಮಾತು. ಆ ನೂರು ಲೀಟರಿನಲ್ಲಿ ಕಾಲುವೆಗೆ ಇಳಿದ ಅಲ್ಪಾಂಶವಾದರೂ ಹೊರಹೋಗುವ ದಾರಿ ಕಾಣದೆ ನಿಂತರೆ, ಒಡೆಯನ ಪಾದಗಳು ನೆನೆಯುವುದಕ್ಕೆ ಅಷ್ಟೇ ಸಾಕು.

ಈ ಮಾತಿಗೆ ನಿದರ್ಶನಗಳು ಬೇಕಾದರೆ ಹೆಸರಾಂತ ಕಾರುಗಳ ಚರಿತ್ರೆಯಲ್ಲೇ ದೊರೆಯುತ್ತವೆ. 1989ರಲ್ಲಿ ಹೊರಬಂದು, 2016ರಲ್ಲಿ ಹತ್ತು ಲಕ್ಷದ ಎಣಿಕೆಯನ್ನು ದಾಟಿದ, ಎರಡೇ ಆಸನದ ಮಜ್ದಾ ಎಂಎಕ್ಸ್-5 ಕಾರಿನಲ್ಲಿ, ಬಟ್ಟೆಯ ಮಾಡಿನ ಹಿಂದಂಚಿನಿಂದ ಇಳಿಯುವ ನೀರು ಆಸನಗಳ ಹಿಂಬದಿಯ ಒಂದು ಕಾಲುವೆಗೆ ಬಿದ್ದು, ಎಡಬಲಗಳ ಮೂಲೆಗಳಿಗೆ ಹರಿದು, ಅಲ್ಲಿಂದ ಹಿಂಚಕ್ರಗಳ ಮುಂಭಾಗದಲ್ಲಿ ನೆಲ ಸೇರುತ್ತದೆ. ಆ ಮೂಲೆಗಳಲ್ಲಿ ಕಸ ಕೂತುಬಿಟ್ಟರೆ ನೀರು ಉಕ್ಕಿ ನೆಲಹಾಸನ್ನು ಸೇರುತ್ತದೆ. ಮಾಡಾಗಲಿ ರಬ್ಬರಾಗಲಿ ಆಗ ಸಂಪೂರ್ಣ ನಿರ್ದೋಷಿ. ಪೋರ್ಶೆಯ ಮೊದಲ ತಲೆಮಾರಿನ ಬಾಕ್ಸ್‌ಸ್ಟರ್‌ನಲ್ಲಿ ಇದರ ಪರಿಣಾಮ ಇನ್ನೂ ಘೋರ. ಕಳ್ಳರನ್ನು ತಡೆಯಲೆಂದಿಟ್ಟ ಇಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಅದರಲ್ಲಿ ಆಸನದ ಕೆಳಗೆ, ಕಾರಿನ ಅತಿ ತಗ್ಗಾದ ಎಡೆಯಲ್ಲಿ ಕೂರಿಸಿದ್ದರಿಂದ, ಬಸಿಗಂಡಿ, ಎಂದರೆ ನೀರು ಹೊರಬಸಿಯುವ ರಂಧ್ರ, ಕಟ್ಟಿ ಒಳಬಂದ ನೀರು ಮೊತ್ತಮೊದಲು ಮುಳುಗಿಸುವುದು ಅದನ್ನೇ. ಮುಳುಗಿದ ಮೇಲೆ ಕಾರು ತನ್ನ ಒಡೆಯನನ್ನೂ ಕಳ್ಳನೆಂದೇ ಬಗೆದು ಚಾಲೂ ಆಗಲು ನಿರಾಕರಿಸುತ್ತದೆ. ಬಿಎಂಡಬ್ಲ್ಯುವಿನ ಮೊದಲ ಝಡ್4 ಕಾರಿನಲ್ಲಿ, ಮಾಡನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಮೋಟಾರನ್ನೇ ನೀರಿನ ದಾರಿಯ ಮಗ್ಗುಲಲ್ಲಿ ಅಡಗಿಸಿಟ್ಟಿದ್ದಾರೆ. ಚಿಟಿಕೆಯಷ್ಟು ಎಲೆಕಸವು ದಾರಿಯನ್ನು ಕಟ್ಟಿದರೆ ಮೋಟಾರು ನೀರಿನಲ್ಲಿ ನಿಂತು ಕೆಡುತ್ತದೆ. ಅದನ್ನು ಬದಲಿಸಲು ಮಾಡನ್ನೇ ಬಿಚ್ಚಬೇಕಾಗುತ್ತದಾದ್ದರಿಂದ, ಬುದ್ಧಿವಂತ ಒಡೆಯರು ಆ ಮೋಟಾರನ್ನು ಸಾಮಾನಿನ ಡಿಕ್ಕಿಗೆ ಸ್ಥಳಾಂತರಿಸಿಕೊಳ್ಳುವ ಉಪಾಯವನ್ನು ತಾವೇ ಕಂಡುಕೊಂಡರು. ಇಷ್ಟು ಜಾಣತನದಿಂದ ಯಂತ್ರ ಕಟ್ಟಬಲ್ಲವರಿಗೆ, ನೀರು ಇಳಿಜಾರಿಗೆ ಹರಿಯುತ್ತದೆಂಬುದು ಹೇಗೆ ಮರೆತುಹೋಯಿತೋ ತಿಳಿಯದು.

ನಮ್ಮ ಊರುಗಳಲ್ಲಿ ಈ ಕಸಕ್ಕೆ ಕೊರತೆಯೆಂಬುದಿಲ್ಲ. ಬೆಂಗಳೂರಿನ ಬೀದಿಗಳಿಗೆ ನೆರಳನ್ನೂ ಶೋಭೆಯನ್ನೂ ಕೊಡುವ ಗುಲ್‌ಮೊಹರ್, ಜಕರಾಂಡ, ಮಳೆಮರ ಮೊದಲಾದ ವೃಕ್ಷಗಳ ಎಲೆಗಳೆಲ್ಲ ಸೀಳುಸೀಳಾದ ಕಿರುದಳಗಳ ಗೊಂಚಲು. ಆ ಕಿರುದಳಗಳು ಉದುರಿ, ಒದ್ದೆಯಾಗಿ, ಧೂಳಿನೊಡನೆ ಬೆರೆತರೆ ಕೊಳವೆಯ ಬಾಯಿಗೆ ಅಳತೆ ಮಾಡಿ ಮಾಡಿಸಿದ ಬಿರಡೆಯಾಗುತ್ತವೆ. ಕರಾವಳಿಯಲ್ಲಿ ಗಾಳಿಮರದ ಸೂಜಿಯೆಲೆಗಳು ಆ ಕಾರ್ಯವನ್ನು ನೆರವೇರಿಸುತ್ತವೆ. ಆದಕಾರಣ ಮುಂಗಾರಿಗೆ ಮೊದಲೊಮ್ಮೆ, ಮಳೆಯ ನಡುವಿನಲ್ಲೊಮ್ಮೆ ಮಾಡನ್ನು ಅರ್ಧ ಎತ್ತಿ, ಕಾಲುವೆಯಲ್ಲಿ ಕೂತಿರುವುದನ್ನು ಕೈಯಿಂದ ತೆಗೆದು, ಪ್ರತಿಯೊಂದು ಕಂಡಿಗೂ ಒಂದು ಲೋಟ ನೀರನ್ನು ನಿಧಾನವಾಗಿ ಹೊಯ್ದು, ಅದು ಕಾರಿನ ಕೆಳಗೆ ಬಂದು ಬೀಳುತ್ತದೆಯೇ ಎಂದು ಬಗ್ಗಿ ನೋಡಬೇಕು. ಬೀಳದಿದ್ದರೆ, ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ ಹಾಕುವ ನೈಲಾನ್ ದಾರದ ಒಂದು ತುಂಡನ್ನು ತುದಿ ಉರುಟಾಗಿಸಿ ಮೆಲ್ಲನೆ ಇಳಿಸಿದರೆ ಸಾಕು. ಕಬ್ಬಿಣದ ತಂತಿಯನ್ನು ತುರುಕುವುದೂ, ಪಂಚರ್ ಅಂಗಡಿಯ ಗಾಳಿಯನ್ನು ಪೂರ್ಣ ಒತ್ತಡದಲ್ಲಿ ಊದಿಸುವುದೂ ಮಾತ್ರ ಸಲ್ಲದು. ಅದರಿಂದ ಕೊಳವೆ ಹರಿಯಬಹುದು, ಅಥವಾ ಒಳಗಿನ ಕೀಲಿನಿಂದ ಕಳಚಿಕೊಳ್ಳಬಹುದು. ಕಳಚಿದ ಕೊಳವೆಯು ಕಟ್ಟಿದ ಕೊಳವೆಗಿಂತ ಕೇಡು. ಏಕೆಂದರೆ ಅದು ನೀರನ್ನು ನೇರವಾಗಿ ಕಾರಿನ ಒಳಕ್ಕೇ ಸುರಿಯುತ್ತದೆ.

ಹಾಗೆಂದು ರಬ್ಬರಿಗೆ ಯಾವ ಹೊಣೆಯೂ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಬಟ್ಟೆಯ ಬದಲು ಲೋಹದ ಹಲಗೆಗಳೇ ಮಡಿಚಿಕೊಳ್ಳುವ ಕಾರುಗಳಲ್ಲಿ ರಬ್ಬರಿನ ಭಾರ ನಿಜಕ್ಕೂ ದೊಡ್ಡದು. ಈ ಕಲ್ಪನೆ ಹೊಸದಲ್ಲ. ಫ್ರಾನ್ಸಿನಲ್ಲಿ ದಂತವೈದ್ಯನಾಗಿದ್ದುಕೊಂಡೇ ಕಾರುಗಳ ಆಕೃತಿಯನ್ನು ಚಿತ್ರಿಸುತ್ತಿದ್ದ ಜಾರ್ಜ್ ಪೋಲಾಂ ಎಂಬಾತನ ಕಲ್ಪನೆಯಂತೆ 1930ರ ದಶಕದಲ್ಲೇ ಪೆಜೋ ಸಂಸ್ಥೆಯ ಎಕ್ಲಿಪ್ಸ್ ಕಾರುಗಳು ತಮ್ಮ ಗಟ್ಟಿ ಮಾಡನ್ನು ಹಿಂದಕ್ಕೆ ನುಂಗಿಕೊಳ್ಳುತ್ತಿದ್ದವು. 1957ರಿಂದ 1959ರವರೆಗೆ ಅಮೆರಿಕದ ಫೋರ್ಡ್ ಸ್ಕೈಲೈನರ್ ಅದನ್ನೇ ವಿದ್ಯುತ್ತಿನ ಮೋಟಾರುಗಳಿಂದ ಬಹು ಆಡಂಬರವಾಗಿ ಮಾಡಿ ತೋರಿಸಿತು. 1996ರ ಮರ್ಸಿಡಿಸ್ ಎಸ್‌ಎಲ್‌ಕೆ ಈ ಕಲ್ಪನೆಗೆ ಮರುಜೀವ ನೀಡಿತು. ಗ್ರೀಕರ ಉಷೋದೇವತೆಯ ಹೆಸರು ಹೊತ್ತು 2006ರಲ್ಲಿ ಮಾರುಕಟ್ಟೆಗಿಳಿದ, ಪೋರ್ಚುಗಲ್ಲಿನ ಪಾಲ್ಮೇಲಾದಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಇಯೋಸ್ ಎಲ್ಲರನ್ನೂ ಮೀರಿಸಿ, ಐದು ತುಂಡುಗಳ ಮಾಡಿನಲ್ಲಿ ಒಂದು ತುಂಡನ್ನೇ ಸನ್‌ರೂಫಾಗಿ ಮಾಡಿತು. ಸಾಹಸವೇನೋ ಮೆಚ್ಚತಕ್ಕದ್ದೇ. ಆದರೆ ತುಂಡುಗಳು ಹೆಚ್ಚಿದಂತೆ ಸಂದುಗಳು ಹೆಚ್ಚುತ್ತವೆ. ಪ್ರತಿಯೊಂದು ಸಂದಿಗೂ ಒಂದು ಪಟ್ಟಿ, ಪಟ್ಟಿ ಪಟ್ಟಿ ಕೂಡುವ ಮೂಲೆಗೊಂದು ಅಚ್ಚಿನ ತುಂಡು, ಇವೆಲ್ಲವೂ ಮಾಡು ಮಡಿಚಿ ಬಿಚ್ಚಿದಾಗಲೆಲ್ಲ ಒಂದನ್ನೊಂದು ಉಜ್ಜುತ್ತವೆ. ಒಣಗಿದ ರಬ್ಬರು ಹೀಗೆ ಉಜ್ಜಿದರೆ ಮೊದಲು ಕಿರುಗುಟ್ಟುತ್ತದೆ, ಬಳಿಕ ಅಂಟಿಕೊಳ್ಳುತ್ತದೆ, ಕಡೆಗೆ ಹರಿಯುತ್ತದೆ. ಇಯೋಸ್ ಕಾರಿನ ಪಟ್ಟಿಗಳಿಗೆ ಕಾಲಕಾಲಕ್ಕೆ ವಿಶೇಷವಾದ ಗ್ರೀಸನ್ನು ಲೇಪಿಸಬೇಕೆಂದು ತಯಾರಕರೇ ಹೇಳಿದ್ದರು. ಹಾಗೆ ಲೇಪಿಸಿಕೊಂಡು ಬಂದವರ ಕಾರುಗಳಿಗೂ ಆ ಮಾತನ್ನು ಕಡೆಗಣಿಸಿದವರ ಕಾರುಗಳಿಗೂ ಇರುವ ಅಂತರವನ್ನು ಬಲ್ಲವರು ಬಲ್ಲರು.

ಲೇಪಿಸುವುದೇನನ್ನು ಎಂಬಲ್ಲಿ ನಮ್ಮವರು ಎಡವುವುದುಂಟು. ಮರದಿಂದ ಬರುವ ಸಹಜ ರಬ್ಬರನ್ನು ಗಾಳಿಯಲ್ಲಿರುವ ಓಝೋನ್ ಬಿರುಕುಗೊಳಿಸುತ್ತದೆ. ಆದಕಾರಣ ಇಂದಿನ ಕಾರುಗಳ ಪಟ್ಟಿಗಳನ್ನು ಬಹುಮಟ್ಟಿಗೆ ಇಪಿಡಿಎಂ ಎಂಬ ಕೃತಕ ರಬ್ಬರಿನಿಂದ ಮಾಡುತ್ತಾರೆ. ಇದು ಬಿಸಿಲಿಗೆ, ಓಝೋನಿಗೆ, ನೀರಿಗೆ ಅಂಜದು, ಅಂಜುವುದು ಎಣ್ಣೆಗೆ. ಪೆಟ್ರೋಲಿಯಂ ಜೆಲ್ಲಿ, ಇಂಜಿನ್ ಆಯಿಲು, ಬೀಗ ಹಿಂಜರಿದರೆ ಸಿಂಪಡಿಸುವ ಖನಿಜತೈಲದ ದ್ರವ ಮುಂತಾದವನ್ನು ಅದಕ್ಕೆ ಸವರಿದರೆ ಆ ದಿನ ಅದು ಹೊಳೆದು ಹೊಸದರಂತೆ ಕಾಣುತ್ತದೆಯೇ ಹೊರತು, ಒಳಗೊಳಗೇ ಉಬ್ಬಿ, ಮೆದುವಾಗಿ, ತನ್ನ ಆಕಾರವನ್ನು ಕಳೆದುಕೊಳ್ಳುತ್ತದೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಕಾರಿನ ಬೀಡಿಂಗಿಗೂ ಹಚ್ಚಿ ಸಮಾಧಾನ ಪಡುವವರನ್ನು ನಾನು ಬಲ್ಲೆ. ಅವರ ಶ್ರದ್ಧೆಯನ್ನು ಗೌರವಿಸುತ್ತಲೇ ಹೇಳಬೇಕಾದುದೇನೆಂದರೆ, ಅದು ಧೂಳನ್ನು ಹಿಡಿದು ಪಟ್ಟಿಯನ್ನು ಮರಳುಕಾಗದವನ್ನಾಗಿ ಮಾಡುತ್ತದೆ. ಇಪಿಡಿಎಂಗೆ ಹೊಂದುವುದು ಸಿಲಿಕೋನ್ ಗ್ರೀಸು, ಇಲ್ಲವೇ ಕ್ರೈಟಾಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಫ್ಲೋರಿನ್ ಜಾತಿಯ ಗ್ರೀಸು. ಎರಡನೆಯದರ ಬೆಲೆ ಕೇಳಿದರೆ ಎದೆ ನಡುಗುತ್ತದೆಂಬುದು ಸತ್ಯವಾದರೂ, ಕಡಲೆ ಗಾತ್ರದಷ್ಟು ಗ್ರೀಸು ಬಹು ಉದ್ದದ ಪಟ್ಟಿಗೆ ಸಾಲುತ್ತದೆ. ಮೊದಲು ಒದ್ದೆ ಬಟ್ಟೆಯಿಂದ ಪಟ್ಟಿಯ ಮಡಿಕೆ ಮಡಿಕೆಗಳಲ್ಲಿ ಕೂತ ಮಣ್ಣನ್ನು ಒರಸಿ, ಪೂರ್ಣವಾಗಿ ಆರಿದ ಮೇಲೆ, ಬೆರಳ ತುದಿಯಿಂದ ಅತಿ ತೆಳುವಾಗಿ ತೀಡಿ, ಹೆಚ್ಚಾದುದನ್ನು ಒರಸಿ ತೆಗೆಯಬೇಕು.

ಇಷ್ಟು ಮಾಡಿದರೂ ರಬ್ಬರು ಚಿರಂಜೀವಿಯಲ್ಲ. ವರ್ಷಗಟ್ಟಲೆ ಅದುಮಿಕೊಂಡೇ ಬಿಸಿಲಿನಲ್ಲಿ ನಿಂತ ಪಟ್ಟಿಯು, ಅದುಮುವುದನ್ನು ಬಿಟ್ಟ ಮೇಲೂ ಹಿಂದಿನ ದಪ್ಪಕ್ಕೆ ಮರಳದು. ಕಲಬುರಗಿಯ ಬೇಸಿಗೆಯಲ್ಲಿ ನೆರಳಿಲ್ಲದೆ ನಿಲ್ಲುವ ಕಾರಿಗೆ ಈ ಗತಿ ಮಡಿಕೇರಿಯ ಕಾರಿಗಿಂತ ಬೇಗ ಒದಗುವುದು ಸಹಜ. ಪಟ್ಟಿ ನಿಜವಾಗಿಯೂ ಸೋತಿದೆಯೇ ಎಂಬುದನ್ನು ಅರಿಯಲು ಗ್ಯಾರೇಜಿನ ತೀರ್ಪಿಗೆ ಕಾಯಬೇಕಾಗಿಲ್ಲ. ಕಾಗದದ ಒಂದು ಪಟ್ಟಿಯನ್ನು ರಬ್ಬರಿನ ಮೇಲಿಟ್ಟು, ಬಾಗಿಲನ್ನೋ ಮಾಡನ್ನೋ ಮುಚ್ಚಿ, ಕಾಗದವನ್ನು ಮೆಲ್ಲನೆ ಎಳೆಯಬೇಕು. ಬಿಗಿಯಾಗಿ ಬಂದರೆ ಅಲ್ಲಿ ಅದುಮು ಸರಿಯಾಗಿದೆ, ಸಡಿಲವಾಗಿ ಜಾರಿದರೆ ಇಲ್ಲ. ಆಗಲೂ ಪಟ್ಟಿಯನ್ನು ಕಿತ್ತೆಸೆಯುವ ಮುನ್ನ ಮಾಡಿನ ಕೊಂಡಿಗಳನ್ನು ನೋಡತಕ್ಕದ್ದು. ಬಟ್ಟೆಯ ಮಾಡಿನ ಮುಂದಂಚನ್ನು ಗಾಳಿಗಾಜಿನ ಚೌಕಟ್ಟಿಗೆ ಬಿಗಿಯುವ ಕೊಕ್ಕೆಗಳನ್ನು ಅನೇಕ ಕಾರುಗಳಲ್ಲಿ ಒಂದೆರಡು ಸುತ್ತು ತಿರುಗಿಸಿ ಬಿಗಿಗೊಳಿಸಬಹುದು. ಕಾಸಿನ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರುವ ಕಾರುಗಳ ರಹಸ್ಯವೂ ಬಹುಶಃ ಇಲ್ಲಿಯೇ ಇದೆ: ವೇಗ ಹೆಚ್ಚಿದಂತೆ ಮಾಡಿನ ಮೇಲಿನ ಗಾಳಿಯ ಒತ್ತಡ ತಗ್ಗಿ, ಬಟ್ಟೆ ಉಬ್ಬಿ, ಮುಂದಂಚನ್ನು ಮೇಲಕ್ಕೆತ್ತಲು ಎಳಸುತ್ತದೆ.

ಚೌಕಟ್ಟಿಲ್ಲದ ಕಿಟಕಿಗಾಜುಗಳದು ಬೇರೆಯದೇ ಒಂದು ಕಥೆ. ಇಂಥ ಬಹುತೇಕ ಹೊಸ ಕಾರುಗಳಲ್ಲಿ ಬಾಗಿಲಿನ ಹಿಡಿ ಎಳೆದೊಡನೆ ಗಾಜು ತುಸುವೇ ಕೆಳಗಿಳಿದು, ಬಾಗಿಲು ಮುಚ್ಚಿದ ಮೇಲೆ ತಾನಾಗಿ ಏರಿ ರಬ್ಬರಿನ ತೋಡಿನೊಳಗೆ ಸೇರಿಕೊಳ್ಳುತ್ತದೆ. ಬ್ಯಾಟರಿ ಸತ್ತಿರುವಾಗ ಬಾಗಿಲನ್ನು ಬಲವಾಗಿ ಎಳೆದರೆ ಗಾಜು ಇಳಿಯದೆ ಪಟ್ಟಿಯನ್ನು ಹೊರಳಿಸಿಬಿಡುತ್ತದೆ. ಬ್ಯಾಟರಿ ಬದಲಿಸಿದ ಬಳಿಕ ಗಾಜಿಗೆ ತನ್ನ ಎಲ್ಲೆಯನ್ನು ಮರಳಿ ಕಲಿಸದಿದ್ದರೆ ಅದು ಪೂರ್ಣ ಏರದೆ ಕೂದಲೆಳೆಯ ಸಂದನ್ನು ಉಳಿಸುತ್ತದೆ. ಕಲಿಸುವ ವಿಧಾನ ಕಾರಿನ ಕೈಪಿಡಿಯಲ್ಲಿಯೇ ಇರುತ್ತದೆ. ಕೈಪಿಡಿಯನ್ನು ಓದಿದವರು ಯಾರು!

ಇನ್ನು ಸೀಲೆಂಟಿನ ಮಾತು. ಸೋರುವ ಕಡೆಗೆಲ್ಲ ಅದನ್ನು ಸುರಿಯುವ ಪದ್ಧತಿಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಅದಕ್ಕೆ ಕಾರಣಗಳೂ ಉಂಟು. ನೀರು ಬಿದ್ದ ಎಡೆ ಬೇರೆ, ನೀರು ಹೊಕ್ಕ ಎಡೆ ಬೇರೆ. ಗಾಳಿಗಾಜಿನ ಮೇಲ್ಮೂಲೆಯಲ್ಲಿ ನುಸುಳಿದ ಹನಿಯು ಕಂಬದ ಒಳಮೈಯನ್ನು ಹಿಡಿದು ಇಳಿದು ಪಾದದ ಬಳಿ ಪ್ರಕಟವಾಗುತ್ತದೆ. ಆದುದರಿಂದ ಒಳಗೊಬ್ಬ ಟಾರ್ಚು ಹಿಡಿದು ಕೂತು, ಹೊರಗೊಬ್ಬ ಸಣ್ಣ ಧಾರೆಯ ನೀರನ್ನು ಕೆಳಗಿನಿಂದ ಆರಂಭಿಸಿ ಅಂಗುಲ ಅಂಗುಲವಾಗಿ ಮೇಲಕ್ಕೆ ಬಿಡುತ್ತ ಹೋಗದ ಹೊರತು ನಿಜವಾದ ದ್ವಾರ ತಿಳಿಯದು. ಈ ತಾಳ್ಮೆಯಿಲ್ಲದವನು ಮೆತ್ತಿದ ಸೀಲೆಂಟು ತಪ್ಪಾದ ಸಂದನ್ನು ಮುಚ್ಚುತ್ತದೆ. ಮುಂದೆ ಬರುವ ನಿಪುಣನಿಗೆ ಸಾಕ್ಷ್ಯವನ್ನೂ ಅಳಿಸಿಬಿಡುತ್ತದೆ. ಟೊಳ್ಳಾದ ಪಟ್ಟಿಗಳ ಬೆನ್ನಲ್ಲಿರುವ ಸೂಕ್ಷ್ಮ ರಂಧ್ರಗಳು ಪಟ್ಟಿ ಅದುಮಿದಾಗ ಒಳಗಿನ ಗಾಳಿ ಹೊರಹೋಗಲೆಂದು ಇಟ್ಟವು. ಅವನ್ನು ಮುಚ್ಚಿದರೆ ಪಟ್ಟಿ ಗಾಳಿ ತುಂಬಿಕೊಂಡು ಸೆಟೆಯುತ್ತದೆ. ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ, ಹಚ್ಚಿದಾಗ ವಿನೆಗರಿನ ವಾಸನೆ ಹೊಡೆಯುವ ಸೀಲೆಂಟಿನಿಂದ ಹೊರಡುವ ಆಮ್ಲವು ಬಣ್ಣ ಕಿತ್ತ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಇವೆಲ್ಲಕ್ಕೂ ಕಡೆಯ ಅನರ್ಥವೆಂದರೆ, ಎಷ್ಟೋ ವೇಳೆ ಮೆತ್ತುವವನು ಮುಚ್ಚುವುದು ಬಸಿಗಂಡಿಯನ್ನೇ.

ತಯಾರಕರನ್ನೂ ಈ ವಿಚಾರದಲ್ಲಿ ಬಿಡಲಾಗದು. ಮಳೆಯ ದೇಶದಲ್ಲಿ ತೆರೆದ ಕಾರೇ ಅಸಂಗತವೆಂದು ನುಣುಚಿಕೊಳ್ಳುವ ವಾದ ನಿಲ್ಲುವುದಿಲ್ಲ. ಸದಾ ತುಂತುರು ಬೀಳುವ ಇಂಗ್ಲೆಂಡೇ ತೆರೆದ ಕಾರುಗಳ ತವರು. ಎಂಜಿ ಸಂಸ್ಥೆಯ ಬಹುತೇಕ ತೆರೆದ ಕಾರುಗಳಿಗೆ 1962ರ ಎಂಜಿಬಿ ಬರುವ ತನಕ ಏರಿಸಿ ಇಳಿಸುವ ಕಿಟಕಿಗಾಜೇ ಇರಲಿಲ್ಲ, ಬಾಗಿಲಿಗೆ ಸಿಕ್ಕಿಸುವ ಪರದೆಗಳಿದ್ದವು. ಒಡೆಯರು ನೆನೆಯುತ್ತಲೇ ಅವನ್ನು ಪ್ರೀತಿಸಿದರು. ಆದರೆ ಆ ಕಾರುಗಳಲ್ಲಿ ನೆನೆದು ಕೆಡುವ ಇಲೆಕ್ಟ್ರಾನಿಕ್ ಪೆಟ್ಟಿಗೆಗಳಿರಲಿಲ್ಲ. ಇಂದು ಆಸನದ ಕೆಳಗೆ ಲಕ್ಷಗಟ್ಟಲೆ ಬೆಲೆಯ ಯಂತ್ರಗಳನ್ನಿಟ್ಟು ಮಾರುವವರು, ನೀರಿನ ಕೊಳವೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂಬ ಒಂದು ಚಿತ್ರವನ್ನು ಕೈಪಿಡಿಯಲ್ಲಿ ಅಚ್ಚುಹಾಕಿಸುವುದೂ, ಎಣ್ಣೆ ಬದಲಿಸುವ, ಚಕ್ರಗಳ ಸ್ಥಾನ ಬದಲಿಸುವ ಸರ್ವಿಸಿನ ಪಟ್ಟಿಯಲ್ಲಿ ‘ಬಸಿಗಂಡಿ ಶುದ್ಧಿ’ ಎಂಬ ಒಂದು ಸಾಲನ್ನು ಸೇರಿಸುವುದೂ ಹೆಚ್ಚಿನ ಬೇಡಿಕೆಯೆಂದು ನನಗೆ ತೋರುವುದಿಲ್ಲ. ಸನ್‌ರೂಫನ್ನು ಜಾಹೀರಾತಿನ ಮೊದಲ ಸಾಲಿನಲ್ಲಿ ಹೊಗಳುವವರು ಅದರ ಕೊಳವೆಗಳ ಪ್ರಸ್ತಾಪವನ್ನು ಕೊನೆಯ ಸಾಲಿನಲ್ಲಾದರೂ ಮಾಡಲಿ. ಅಲ್ಲಿಯ ತನಕ ಮೇ ತಿಂಗಳ ಸರ್ವಿಸಿಗೆ ಕಾರನ್ನು ಬಿಡುವಾಗ ಒಡೆಯನೇ ಆ ಸಾಲನ್ನು ಜಾಬ್ ಕಾರ್ಡಿನಲ್ಲಿ ಬರೆಸತಕ್ಕದ್ದು. ಒತ್ತಡದ ನೀರಿನ ಬಂದೂಕನ್ನು ಮಾಡಿನ ಅಂಚಿಗೆ ಹಿಡಿಯಕೂಡದೆಂಬುದನ್ನೂ ಅದರ ಕೆಳಗೆ ಬರೆಸಿದರೆ ಒಳ್ಳೆಯದು.

ನೀರು ಈಗಾಗಲೇ ಒಳಸೇರಿದ್ದರೆ, ನೆಲಹಾಸಿನ ಮೇಲ್ಮೈ ಒಣಗಿತೆಂದು ಹರ್ಷಿಸುವ ಹಾಗಿಲ್ಲ. ಹಾಸಿನ ಕೆಳಗಣ ದಪ್ಪನಾದ ಸ್ಪಂಜು ತಾನು ಕುಡಿದ ನೀರನ್ನು ವಾರಗಟ್ಟಲೆ ಬಿಟ್ಟುಕೊಡದು. ಬೂಷ್ಟು, ದುರ್ವಾಸನೆ, ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಕಟ್ಟುವ ಮಂಜು, ತಂತಿಗಳ ಕೀಲುಗಳಲ್ಲಿ ಹಸಿರುಗಟ್ಟುವ ತಾಮ್ರ, ಇವೆಲ್ಲಕ್ಕೂ ಮೂಲ ಅದು. ಬಲ್ಲವರಿಂದ ಆಸನಗಳನ್ನು ಬಿಚ್ಚಿಸಿ, ಹಾಸನ್ನು ಎತ್ತಿಸಿ, ಸ್ಪಂಜಿಗೆ ಬಿಸಿಲು ಕಾಣಿಸಬೇಕು. ಒದ್ದೆಯಾದ ಬಟ್ಟೆಯ ಮಾಡನ್ನು ಹಾಗೆಯೇ ಮಡಿಚಿಡುವುದೂ ಸಲ್ಲದು. ಆರಿದ ಬಳಿಕವೇ ಮಡಿಚಬೇಕು. ಹಳೆಯ ತೆರೆಮಾಡಿನ ಕಾರನ್ನಾಗಲಿ ಸನ್‌ರೂಫಿನ ಕಾರನ್ನಾಗಲಿ ಕೊಳ್ಳಹೊರಟವರು ಇಂಜಿನ್ನಿನ ನಾದವನ್ನು ಆಲಿಸುವ ಮೊದಲು ಆಸನದ ಹಿಂದೆ ಕೈಯಿಳಿಸಿ ನೆಲಹಾಸನ್ನು ಒತ್ತಿ ನೋಡಲಿ. ಮಾರುವವನು ಕನ್ನಡಿಗೆ ಹೊಸದಾಗಿ ಸುಗಂಧದ ಬುಡ್ಡಿಯನ್ನು ತೂಗಹಾಕಿದ್ದರೆ ಇನ್ನೊಮ್ಮೆ ಒತ್ತಿ ನೋಡಲಿ.